ಎಡಗಡೆ ಹಿಂದಿನ ಬಾಗಿಲು

ಅವತ್ತು ಬುಧವಾರ. ವಿಶೇಷ ಏನೂ ಇರಲಿಲ್ಲ. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು, ಎರಡು ಡ್ರಮ್ಮು ತುಂಬಿಸಿದೆ. ನಮ್ಮ ಯಜಮಾನರು ಟೀ ಕುಡಿದು ಮನೆ ಮುಂದೆ ನಿಂತಿದ್ದ ಕಾರಿನ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತರು. ಎಡಗಡೆ ಹಿಂದಿನ ಬಾಗಿಲಿಗೆ ಮುಖ ಕೊಟ್ಟು ಕೂತರು. ಒಂದು ಕಣ್ಣು ಮುಚ್ಚಿ ನೋಡುವುದು, ಇನ್ನೊಂದು ಕಣ್ಣು ಮುಚ್ಚಿ ನೋಡುವುದು. ಹದಿನೈದು ದಿನದಿಂದ ಇದೇ ಆಗಿತ್ತು.

ನಾನು ಒಳಗೆ ಮುದ್ದೆಗೆ ಎಸರು ಇಟ್ಟಿದ್ದೆ.

"ಲೇ ಅಂಜಿನಮ್ಮ, ಒಂದು ಗಳಿಗೆ ಬಾ ಇಲ್ಲಿ" ಅಂದರು.

"ಎಸರು ಕುದೀತೈತೆ."

"ಕುದೀಲಿ ಬಾರೇ. ಈ ಬಾಗ್ಲು ನೋಡು, ಮುಂದ್ಲ ಬಾಗ್ಲು ನೋಡು. ಕಲೆ ಬುಟ್ಟು ಮಿಕ್ಕ ಬಣ್ಣ ಎರಡ್ರಲ್ಲೂ ಒಂದೇ ಥರ ಐತಾ, ಬ್ಯಾರೆ ಥರ ಐತಾ ಹೇಳು."

ನಾನು ಹೊಸ್ತಿಲು ದಾಟಲಿಲ್ಲ. ಮುದ್ದೆ ಕೋಲು ಕೈಯಲ್ಲಿ ಹಿಡಿದುಕೊಂಡೇ ಕತ್ತು ಚಾಚಿ, "ಎಲ್ಲಾ ಒಂದೇ ಥರ ಐತೆ ಬುಡ್ರಿ" ಅಂದೆ.

ಅವರು ಮೊಣಕಾಲಿಗೆ ಕೈ ಊರಿ ಎದ್ದರು. ಆಮೇಲೆ, "ಅಂಗಾದ್ರೆ ಆ ಶೋರೂಮಿನೋನು ಹೇಳಿದ್ದೇ ಸರಿ. ನನ್ ಕಣ್ಣೇ ಹೋಗೈತೆ" ಅಂದರು.

ಬೈಯಲಿಲ್ಲ. ಕೈಕಾಲು ತೊಳೆದುಕೊಂಡು ಬಂದು ಉಂಡರು. ಒಂದು ಮುದ್ದೆ, ಹುರುಳಿಕಾಳಿನ ಸಾರು. ಇನ್ನರ್ಧ ಹಾಕಲೇ ಅಂದರೆ ಬೇಡ ಅಂದರು. ಕೆಲಸಕ್ಕೆ ಹೋದರು, ಸಂಜೆ ಬಂದರು, ಬೇಗ ಮಲಗಿದರು. ಮಾರನೆಯ ದಿನ ಕಾರು ತಗೊಂಡು ತುಮಕೂರಿನ ಶೋರೂಮಿಗೆ ಹೋಗುವುದಿತ್ತು. ಕಾರು ಮಾಡಿದ ಕಂಪನಿಯ ಕಡೆಯಿಂದ ಒಬ್ಬರು ಬಂದು ಆ ಬಾಗಿಲಿನ ಬಣ್ಣ ನೋಡುವವರಿದ್ದರು.

ನಾನು ನೋಡಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಬಾಗಿಲನ್ನು ಸರಿಯಾಗಿ ನೋಡದೆಯೇ ನಾನು ಒಂದೇ ಥರ ಐತೆ ಅಂದುಬಿಟ್ಟೆ.

ಅವರ ಹೆಸರು ಸಣ್ಣರಂಗಯ್ಯ. ಶಿರಾದಲ್ಲಿ ಪೇಂಟರ್ ರಂಗಣ್ಣ ಅಂದರೇನೇ ಗೊತ್ತಾಗುವುದು. ಹುಟ್ಟಿದ್ದು ಗೌಡಗೆರೆ ಹೋಬಳಿಯ ಹಳ್ಳಿಯಲ್ಲಿ. ಕಡಲೆಕಾಯಿ ಹೊಲವನ್ನು ಅಣ್ಣ ದೊಡ್ಡಹನುಮಯ್ಯನಿಗೆ ಬಿಟ್ಟು ಶಿರಾಕ್ಕೆ ಬಂದು ಲಾರಿಗಳಿಗೆ ಬಣ್ಣ ಹೊಡೆಯುವ ಕಡೆ ಸೇರಿದರು. ಆಮೇಲೆ ಜಹೀರ್ ಅಹಮದ್ ಅವರ ಜೊತೆ ಸೇರಿಕೊಂಡು ಒಂದು ಶೆಡ್ಡು ಹಾಕಿದರು. ಜಹೀರಣ್ಣ ನೆಗ್ಗಿದ ತಗಡು ಬಡಿದು ಎತ್ತುವುದು, ಇವರು ಅದರ ಮೇಲೆ ಬಣ್ಣ ಹೊಡೆಯುವುದು. ಇಪ್ಪತ್ತಾರು ವರ್ಷ ಹಾಗೇ ನಡೆಯಿತು. ನಮ್ಮದು ಹೈವೇ ಊರು. ಏಟು ತಿಂದ ಗಾಡಿಗಳು ಬರುತ್ತಲೇ ಇರುತ್ತವೆ.

ಅವರ ಉಗುರಲ್ಲಿ ಯಾವತ್ತೂ ಬಣ್ಣ ಇರುತ್ತಿತ್ತು. ಬಟ್ಟೆಯಲ್ಲಿ ಥಿನ್ನರ್ ವಾಸನೆ. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಬಣ್ಣ ಒಣಗಿದ ಮೇಲೆ ಅದರ ಮೇಲೆ ಒಂದು ತೆಳು ಬಟ್ಟೆ ಹಾಸಿ, ಬಟ್ಟೆಯ ಮೇಲೆ ಅಂಗೈ ಆಡಿಸುತ್ತಿದ್ದರು. ಬರಿಗೈಗೆ ಸಿಗದ ಧೂಳಿನ ಕಾಳು ಬಟ್ಟೆ ಇದ್ದರೆ ಸಿಗುತ್ತದೆ ಅನ್ನುತ್ತಿದ್ದರು. ಬಣ್ಣ ನೋಡುವುದಿದ್ದರೆ ಬೆಳಗಿನ ಬಿಸಿಲು ಅಡ್ಡ ಬೀಳುವಾಗಲೇ ನೋಡುವುದು. ಟ್ಯೂಬ್‌ಲೈಟಿನ ಕೆಳಗೆ ನೋಡಿ ಚೆನ್ನಾಗಿದೆ ಅಂದವರನ್ನು ಕಂಡರೆ ನಗುತ್ತಿದ್ದರು.

ಎಲ್ಲಿ ಹೋದರೂ ಇದೇ ಚಾಳಿ. ನನ್ನ ತವರು ಪಾವಗಡದ ಕಡೆ, ಮನೆಮಾತು ತೆಲುಗು. ನನ್ನನ್ನು ನೋಡಲು ಬಂದ ದಿನ ಕೂತ ಜಾಗದಲ್ಲೇ ಗೋಡೆ ಸವರಿ, "ಸುಣ್ಣ ಒಂದೇ ಸಲ ಬಳ್ದವ್ರೆ" ಅಂದರಂತೆ. ನಮ್ಮವ್ವನಿಗೆ ಸಿಟ್ಟು ಬಂತು. "ಪಿಲ್ಲನಿ ಚೂಡನೀಕಿ ವಚ್ಚಾಡಾ, ಗೋಡನಿ ಚೂಡನೀಕಿ ವಚ್ಚಾಡಾ?" ಅಂದಳು. ಹೆಣ್ಣು ನೋಡಲು ಬಂದನೋ ಗೋಡೆ ನೋಡಲು ಬಂದನೋ ಅಂತ. ಮದುವೆಯಾಗಿ ಎಷ್ಟೋ ವರ್ಷ ಆದಮೇಲೂ ಅವರು ಅದನ್ನು ಹೇಳಿ ನಗುತ್ತಿದ್ದರು. "ಗೋಡೆ ಸರಿ ಇರ್ಲಿಲ್ಲ, ಅದ್ಕೇ ಹೆಣ್ಣನ್ನೇ ತಗೊಂಬಂದೆ" ಅನ್ನುತ್ತಿದ್ದರು.

ನಮಗೆ ಒಬ್ಬಳೇ ಮಗಳು, ಲಕ್ಷ್ಮೀದೇವಿ. ಮಧುಗಿರಿ ತಾಲ್ಲೂಕು ಕಚೇರಿಯಲ್ಲಿ ಕೆಲಸ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಕಾರು ತಗೊಳ್ಳೋಣ ಅಂತ ಮೊದಲು ಅಂದವಳು ಅವಳೇ. ಸೆಕೆಂಡ್ ಹ್ಯಾಂಡ್ ಸಾಕು, ಅಪ್ಪಂಗೆ ಗೊತ್ತಿರೋದೇ ಅಲ್ವಾ ಅಂದಳು. ಇವರು ಒಪ್ಪಲಿಲ್ಲ.

"ನೋಡಮ್ಮ, ಇಷ್ಟು ವರ್ಷ ನಾನು ಮುಟ್ಟಿರೋದೆಲ್ಲಾ ಏಟು ತಿಂದ ಗಾಡಿ. ಯಾರೋ ಬಿದ್ದವ್ರೆ, ಯಾರೋ ಹೊಡ್ಸವ್ರೆ, ಅದನ್ನ ಮುಚ್ಚೋದೇ ನನ್ ಕೆಲ್ಸ. ಏಟು ತಿನ್ನದ ಗಾಡಿ ಒಂದು ನಮ್ಮನೆ ಮುಂದೆ ನಿಲ್ಲಬೇಕು. ಅದಕ್ಕೆ ನನ್ ಕೈ ತಾಗಬಾರದು."

ಅಷ್ಟು ಉದ್ದ ಮಾತು ಅವರು ಆಡಿದ್ದು ಕಡಿಮೆ. ಮಗಳು ಒಪ್ಪಿದಳು.

ಕಾರು ತಂದದ್ದು ಆಯುಧ ಪೂಜೆಯ ಹಿಂದಿನ ದಿನ ಸಂಜೆ. ಬಿಳಿ ಕಾರು. ಶೋರೂಮಿನಲ್ಲಿ ಜಾತ್ರೆಯಷ್ಟು ಜನ. ಹಬ್ಬಕ್ಕೆ ಗಾಡಿ ಬೇಕು ಅಂತ ಎಲ್ಲರಿಗೂ ಅವಸರ. ಕಾರಿಗೆ ಮಿರಮಿರ ಬಟ್ಟೆ ಹೊದಿಸಿದ್ದರು. ಬಟ್ಟೆ ತೆಗೆದರು, ಹಾರ ಹಾಕಿದರು, ಫೋಟೋ ತೆಗೆದರು. ಮೇಲೆ ನೂರು ದೀಪ ಉರಿಯುತ್ತಿದ್ದವು. ನಾನು ಬಾಗಿಲು ಸವರಿ ನೋಡಿದೆ, ಮಗಳು ಸವರಿ ನೋಡಿದಳು. ಇವರು ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡು ನಿಂತಿದ್ದರು.

"ನೋಡ್ರಿ, ನೀವೂ ಮುಟ್ಟಿ" ಅಂದೆ.

"ಇಲ್ಲ. ಇದನ್ನ ಮುಟ್ಟಿ ನೋಡಲ್ಲ ಅಂತ ತೀರ್ಮಾನ ಮಾಡಿವ್ನಿ" ಅಂದರು. ಮುಖದಲ್ಲಿ ನಗು ಇತ್ತು.

ಜೀವಮಾನವೆಲ್ಲ ಬೇರೆಯವರ ಗಾಡಿ ಸವರಿ ನೋಡಿದವರು ತಮ್ಮ ಗಾಡಿ ಒಂದನ್ನು ಸವರಲಿಲ್ಲ. ಅಲ್ಲಿ ತಪ್ಪಿತು.

ಮಾರನೆಯ ದಿನ ಶೆಡ್ಡಿನಲ್ಲಿ ಪೂಜೆ. ಬಣ್ಣ ಹೊಡೆಯುವ ಗನ್ನು, ಕಂಪ್ರೆಸರ್, ಜಹೀರಣ್ಣನ ಸುತ್ತಿಗೆಗಳು, ಎಲ್ಲಕ್ಕೂ ಹೂವು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಕಾರು ದಾಟಿಸಿದೆವು. ಕುಂಕುಮ ನೀರಲ್ಲಿ ಕಲಸಿ ನಾಲ್ಕು ಬಾಗಿಲಿಗೂ ಮೂರು ಮೂರು ಬೆರಳು ಎಳೆದವಳು ನಾನು. ಒಂದೇ ಬಟ್ಟಲು, ಒಂದೇ ಕೈ. ಮೂರನೆಯ ದಿನ ಬೆಳಿಗ್ಗೆ ಅವರು ಕಾರು ತೊಳೆದರು. ಮೂರು ಬಾಗಿಲಿನ ಕುಂಕುಮ ನೀರು ಬಿದ್ದ ಕೂಡಲೇ ಹರಿದು ಹೋಯಿತು. ಎಡಗಡೆ ಹಿಂದಿನ ಬಾಗಿಲಲ್ಲಿ ನನ್ನ ಮೂರು ಬೆರಳು ಹಾಗೇ ಉಳಿದವು. ತಿಳಿ ಗುಲಾಬಿ ಬಣ್ಣ.

ಅವರು ಮಗ್ಗು ಕೆಳಗಿಟ್ಟರು. ಹೆಗಲ ಮೇಲಿನ ಟವೆಲ್ಲು ತೆಗೆದು ಬಾಗಿಲಿನ ಮೇಲೆ ಹಾಸಿ, ಕಣ್ಣು ಮುಚ್ಚಿ ಕೈ ಆಡಿಸಿದರು. ಆವತ್ತೇ ಮೊದಲು ಮುಟ್ಟಿದ್ದು. ಆಮೇಲೆ ರಬ್ಬರಿನ ಅಂಚು ಬಿಡಿಸಿ ನೋಡಿದರು. ಬಹಳ ಹೊತ್ತಾದ ಮೇಲೆ, "ಇದು ಕಾರ್ಖಾನೆ ಬಣ್ಣ ಅಲ್ಲ" ಅಂದರು. "ಕಾರ್ಖಾನೆಲಿ ಬಣ್ಣ ಹೊಡ್ದು ದೊಡ್ಡ ಒಲೇಲಿ ಬೇಯಿಸ್ತಾರೆ. ಅದು ಕುಂಕುಮ ಕುಡಿಯಲ್ಲ. ಇದು ಬೆಂದಿಲ್ಲ. ಯಾರೋ ನನ್ನಂಥೋನೇ ಹೊಡ್ದವ್ನೆ, ಪಾಪ. ಹಬ್ಬಕ್ಕೆ ಕೊಡ್ಬೇಕು ಅಂತ ನಿಲ್ಲಿಸ್ಕೊಂಡು ಹೊಡೆಸವ್ರೆ."

ಜಹೀರಣ್ಣ ಬಂದು ಬಾಗಿಲು ಬಡಿದು ನೋಡಿದರು. "ತಗಡು ನೆಟ್ಟಗೆ ಐತೆ ರಂಗಪ್ಪ. ಗೀರು ಬಿದ್ದಿರ್ಬೇಕು, ಅಷ್ಟೇ. ಬಣ್ಣದ ಮಾತು ನಂಗೆ ಕೇಳ್ಬೇಡ, ಅದು ನಿನ್ ಇಲಾಖೆ. ಅರ್ಧ ದಿನದ ಕೆಲ್ಸ, ನೀನೇ ಹೊಡ್ದು ಬಿಸಾಕು ಯಾರ್."

"ನನ್ ಕೈ ತಾಗಿದ್ರೆ ಮುಗೀತು ಕಣೋ. ಆಮ್ಯಾಕೆ ಮೊದ್ಲು ಹೊಡೆದೋನು ಯಾರು, ಆಮೇಲೆ ಹೊಡೆದೋನು ಯಾರು ಅಂತ ಯಾರು ಹೇಳ್ತಾರೆ?"

ಶೋರೂಮಿಗೆ ಹೋದೆವು. ನಾನೂ ಹೋಗಿದ್ದೆ. ಮ್ಯಾನೇಜರ್ ಗೌರೀಶ್ ಅಂತ, ನಮ್ಮ ಮಗಳ ವಯಸ್ಸಿನವನು. ಬಾಗಿಲ ಮೇಲಿನ ಗುರುತು ನೋಡಿದ, ನನ್ನ ಹಣೆ ನೋಡಿದ.

"ಅಂಕಲ್, ಈಗಿನ ಕುಂಕುಮದಲ್ಲಿ ಕೆಮಿಕಲ್ ಇರುತ್ತೆ. ಗಾಡಿಗೆ ಅಭಿಷೇಕ ಮಾಡಿಬಿಟ್ಟು ಕಲೆ ಬಿತ್ತು ಅಂತ ನಮ್ಮ ಹತ್ರ ಬಂದ್ರೆ ಹೇಗೆ?"

"ನಾಲ್ಕೂ ಬಾಗ್ಲಿಗೆ ಅದೇ ಕುಂಕುಮ ಸಾರ್. ಮೂರ್ರಲ್ಲಿ ಹೋಯ್ತಲ್ಲ."

"ಇದಕ್ಕೆ ಜಾಸ್ತಿ ಹಚ್ಚಿರ್ತಾರೆ ಬಿಡಿ."

"ಕುಂಕುಮ ಬುಡಿ ಸಾರ್. ಇಲ್ಲಿ ಬಗ್ಗಿ ನೋಡಿ. ಕಿತ್ತಳೆ ಸಿಪ್ಪೆ ಥರ ಸಣ್ಣ ಸಣ್ಣ ಗುಂಡಿ ಐತೆ. ಬಣ್ಣದೊಳಗೆ ಧೂಳು ಕೂತೈತೆ."

ಗೌರೀಶ್ ಬಗ್ಗಲಿಲ್ಲ. "ನೀವೇನು ಕೆಲಸ ಮಾಡೋದು?"

"ಪೇಂಟರ್. ಮೂವತ್ತು ವರ್ಷ ಆಯ್ತು."

"ಅದೇ ನೋಡಿ. ಮೂವತ್ತು ವರ್ಷ ಥಿನ್ನರ್ ಕುಡಿದ್ರೆ ಕಣ್ಣು ಮಂಜಾಗುತ್ತೆ ಅಂಕಲ್. ಮೊದಲು ಕಣ್ಣು ತೋರಿಸ್ಕೊಳ್ಳಿ, ಆಮೇಲೆ ಬಾಗಿಲು ತೋರಿಸಿ."

ಅಲ್ಲಿದ್ದ ನಾಲ್ಕು ಜನ ನಕ್ಕರು. ಇವರು ಬಗ್ಗಿದ್ದವರು ನೆಟ್ಟಗೆ ನಿಂತರು. ಕುಂಕುಮ ಇಟ್ಟವಳು ನಾನೇ ಅಲ್ಲವೇ ಅಂತ ಸೀರೆ ಸೆರಗು ತಿರುವಿಕೊಂಡು ನಿಂತಿದ್ದೆ.

ಮನೆಗೆ ಬಂದಮೇಲೆ ನನಗೆ ಅನ್ನಿಸಿತು, ಕಲೆ ಹೋದರೆ ಜಗಳವೂ ಹೋಗುತ್ತದೆ ಅಂತ. ಮಾರನೆಯ ದಿನ ಅವರು ಶೆಡ್ಡಿಗೆ ಹೋದಮೇಲೆ ಹುಣಸೆಹಣ್ಣು ನೆನೆಸಿ, ದೀಪದ ಕಂಬ ಬೆಳಗುವ ಹಾಗೆ ಆ ಬಾಗಿಲು ಉಜ್ಜಿದೆ. ಹುಣಸೆಹಣ್ಣು ಮಿಕ್ಕಿತ್ತು. ಒಂದಕ್ಕೆ ಉಜ್ಜಿ ಮೂರು ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲ ಅಂತ ನಾಲ್ಕಕ್ಕೂ ಉಜ್ಜಿ ನೀರು ಹಾಕಿದೆ. ಕಲೆ ಹೋಗಲಿಲ್ಲ. ಕಲೆಯ ಸುತ್ತ ಇದ್ದ ಹೊಳಪು ಹೋಯಿತು. ತಟ್ಟೆಯಷ್ಟು ಅಗಲ ಮಂಕಾಯಿತು.

ಸಂಜೆ ಅವರು ಬಂದು ನೋಡಿದರು. ನಾನು ಅಡುಗೆ ಮನೆಯಿಂದ ಆಚೆ ಬರಲಿಲ್ಲ. ಅಲ್ಲಿಗೇ ಬಂದರು.

"ಏನ್ ಹಾಕ್ದೆ?"

"ಹುಣಸೆಹಣ್ಣು."

ಚೊಂಬಿನಿಂದ ನೀರು ಕುಡಿದರು. ಆಮೇಲೆ, "ಉಪ್ಪು ಹಾಕ್ಲಿಲ್ವಾ? ಸಾರಾದ್ರೂ ಆಗ್ತಿತ್ತು" ಅಂದರು. ನಗಬೇಕೋ ಅಳಬೇಕೋ ನನಗೆ ಗೊತ್ತಾಗಲಿಲ್ಲ.

ಮಗಳು ಫೋಟೋ ತೆಗೆದು ಕಂಪನಿಗೆ ಬರೆದಳು. ಒಂದು ಸಲ ಅಲ್ಲ, ಆರು ಸಲ ಬರೆದಳು. ಕೊನೆಗೆ ಗುರುವಾರ ಬನ್ನಿ, ನಮ್ಮವರು ಬಂದು ನೋಡುತ್ತಾರೆ ಅಂದರು. ಆ ಹೊತ್ತಿಗೆ ನಮ್ಮ ಯಜಮಾನರಿಗೆ ತಮ್ಮ ಕಣ್ಣಿನ ಮೇಲೇ ಅನುಮಾನ ಬಂದಿತ್ತು. ಶೆಡ್ಡಿನಲ್ಲಿ ಹೊಡೆದ ಬಣ್ಣವನ್ನು ಎರಡೆರಡು ಸಲ ನೋಡುತ್ತಿದ್ದರಂತೆ. "ಇದು ಸರಿ ಐತಾ ನೋಡೋ" ಅಂತ ಜಹೀರಣ್ಣನನ್ನು ಕೇಳುತ್ತಿದ್ದರಂತೆ. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಹಾಗೆ ಕೇಳಿರಲಿಲ್ಲ ಅಂತ ಜಹೀರಣ್ಣ ಆಮೇಲೆ ನನಗೆ ಹೇಳಿದರು.

ಗುರುವಾರ ಬೆಳಿಗ್ಗೆ ತುಮಕೂರಿಗೆ ಹೊರಡುವ ಮುಂಚೆ ಕಾರು ತೊಳೆಯಲು ಹೋದರು. ನೀರು ಸುರಿಯುವ ಸದ್ದು ಕೇಳುತ್ತಿತ್ತು. ಮಗ್ಗು ಬಿದ್ದ ಸದ್ದು ಕೇಳಿತು. ಹೋಗಿ ನೋಡಿದರೆ ಹಿಂದಿನ ಚಕ್ರಕ್ಕೆ ಒರಗಿಕೊಂಡು ಕೂತಿದ್ದರು. ಕೈಯಲ್ಲಿ ಒದ್ದೆ ಬಟ್ಟೆ ಹಾಗೇ ಇತ್ತು. ಕರೆದೆ. ಮಗಳು ಬಂದಳು, ಪಕ್ಕದ ಮನೆಯವರು ಬಂದರು. ಆಸ್ಪತ್ರೆಯಲ್ಲಿ ಡಾಕ್ಟರು ಎದೆಯ ಮೇಲೆ ಕೈ ಇಟ್ಟು ನೋಡಿ ತಲೆ ಆಡಿಸಿದರು. ಹೃದಯ ನಿಂತು ಬಹಳ ಹೊತ್ತಾಗಿದೆ ಅಂದರು. ಐವತ್ತೇಳು ವರ್ಷ.

ಹೆಚ್ಚು ಹೇಳುವುದಕ್ಕೆ ನನಗೆ ಆಗುವುದಿಲ್ಲ.

ಹನ್ನೊಂದನೆಯ ದಿನ ನನ್ನ ಹಣೆಯ ಕುಂಕುಮ ಅಳಿಸಿದರು, ಬಳೆ ತೆಗೆದರು. ಅದೇ ದಿನ ನಮ್ಮ ಭಾವ ದೊಡ್ಡಹನುಮಯ್ಯ ಜಗುಲಿಯ ಮೇಲೆ ಕೂತು ಮಾತು ತೆಗೆದರು.

"ನೋಡಮ್ಮ, ಈ ಗಾಡಿ ನಿಮಗೆ ಆಗಿಬರ್ಲಿಲ್ಲ. ಬಂದು ಒಂದೂವರೆ ತಿಂಗ್ಳಾಗಿಲ್ಲ, ಮನೆ ಯಜಮಾನನ್ನೇ ತಗೊಂಡು ಹೋಯ್ತು. ಮಾರ್ಬುಡಿ. ಮನೆ ಮುಂದೆ ಇಟ್ಕೋಬ್ಯಾಡಿ."

"ನೋಡಾನ ಬುಡಿ ಭಾವ" ಅಂದೆ.

"ನೋಡೋದೇನೈತೆ? ಬಾಗ್ಲು ಬಾಗ್ಲು ಅಂತ ಕೊರಗಿ ಕೊರಗಿ ಹೋದ. ಇಲ್ಲದ್ದನ್ನ ಕಂಡು ಕೊರಗಿದ."

ಇಲ್ಲದ್ದನ್ನ ಕಂಡು. ಆ ಮಾತು ನನಗೆ ಕೂತುಬಿಟ್ಟಿತು.

ಮಾರನೆಯ ದಿನ ನೆಂಟರೆಲ್ಲ ಇನ್ನೂ ಮಲಗಿದ್ದರು. ಆಗ ತಾನೇ ಬಿಸಿಲು ಬರುತ್ತಿತ್ತು. ನಾನು ಹೋಗಿ ಅವರು ಕೂತ ಜಾಗದಲ್ಲಿ ಅವರು ಕೂತ ಹಾಗೇ ಕೂತೆ. ಎದುರು ಮನೆಯ ಹೊಂಗೆ ಮರ ಕಾರಿನ ಮೇಲೆ ಕಾಣುತ್ತಿತ್ತು. ಮುಂದಿನ ಬಾಗಿಲಲ್ಲಿ ಎಲೆ ಎಲೆಯೂ ಬೇರೆ ಬೇರೆ ಕಾಣುತ್ತಿತ್ತು. ಹಿಂದಿನ ಬಾಗಿಲಲ್ಲಿ ಎಲೆಗಳು ಒಂದಕ್ಕೊಂದು ಕಲಸಿಹೋಗಿದ್ದವು, ಅಲುಗಾಡುವ ನೀರಲ್ಲಿ ಕಂಡ ಹಾಗೆ. ಸೆರಗು ಹಾಸಿ ಕೈ ಆಡಿಸಿದೆ. ಮುಂದಿನದು ಜಾರಿತು. ಹಿಂದಿನದರಲ್ಲಿ ಬೆರಳಿಗೆ ಏನೋ ಸಿಕ್ಕಿತು. ಮರಳಿನ ಹಾಗೆ ಸಣ್ಣಗೆ.

ನಾಲ್ಕನೇ ಕ್ಲಾಸು ಓದಿದ ನನಗೆ ಕಂಡಿತು. ಹೊಸ್ತಿಲು ದಾಟಿ ಹತ್ತು ಹೆಜ್ಜೆ ಬಂದಿದ್ದರೆ ಆವತ್ತೇ ಕಾಣುತ್ತಿತ್ತು.

ಒಳಗೆ ಹೋಗಿ ಮಗಳನ್ನು ಎಬ್ಬಿಸಿದೆ. "ಆ ಕಂಪನಿಯೋರಿಗೆ ಫೋನ್ ಮಾಡು. ಇನ್ನೊಂದು ದಿನ ಕೊಡ್ಲಿ. ನಾನು ಹೋಗ್ತೀನಿ."

"ಯಾಕಮ್ಮ ಈಗ?"

"ನಿಮ್ಮಪ್ಪನ ಕಣ್ಣು ಸರಿ ಇತ್ತು. ಅದನ್ನ ಆ ಶೋರೂಮಿನೋರ ಬಾಯಲ್ಲೇ ಹೇಳುಸ್ಬೇಕು."

ಮಗಳಿಗೆ ರಜೆ ಉಳಿದಿರಲಿಲ್ಲ. ಜಹೀರಣ್ಣ ಕಾರು ಓಡಿಸಿದರು. ದಾರಿಯಲ್ಲಿ ಸೀಬಿ ದಾಟಿದ ಮೇಲೆ ಒಂದು ಮಾತು ಹೇಳಿದರು. "ಭಾಬಿ, ಅಲ್ಲಿ ಹುಣಸೆಹಣ್ಣಿನ ವಿಷ್ಯ ಎತ್ಬೇಡಿ. ಅದನ್ನೇ ಹಿಡ್ಕೊಂಡು ನೇತಾಡ್ತಾರೆ."

ಶೋರೂಮಿನಲ್ಲಿ ಗೌರೀಶ್ ಬಂದ. "ಏನಾಂಟಿ, ಅಂಕಲ್ ಬರ್ಲಿಲ್ವಾ? ಕಣ್ಣು ತೋರಿಸ್ಕೊಂಡ್ರಾ?"

"ತೀರಿಹೋದ್ರು" ಅಂದೆ.

ಅವನು ಜೇಬಿನಿಂದ ಕೈ ತೆಗೆದ. ಕುರ್ಚಿ ತಂದು ಹಾಕಿದ. ನಾನು ಕೂರಲಿಲ್ಲ.

ಕಂಪನಿಯಿಂದ ಬಂದವರ ಹೆಸರು ಅನಿಲ್ ಕುಮಾರ್. ನಲವತ್ತು ವರ್ಷ ಇರಬಹುದು. ಅವರು ಮೊದಲು ಬಗ್ಗಿ ನೋಡಿದರು. ಅದು ನನಗೆ ಸರಿ ಅನ್ನಿಸಿತು. ನೋಡಿ, "ಇಲ್ಲಿ ಹುಳಿ ಪದಾರ್ಥ ಏನೋ ಹಾಕಿ ಉಜ್ಜಿದ್ದಾರೆ" ಅಂದರು.

ಗೌರೀಶ್ ಹಿಂದೆಯೇ, "ನಾನು ಮೊದಲೇ ಹೇಳಿದ್ನಲ್ಲ ಸಾರ್. ಇವರೇ ಏನೇನೋ ಹಾಕಿ ಕೆಡಿಸಿರೋದು" ಅಂದ.

ಜಹೀರಣ್ಣ ನನ್ನ ಕಡೆ ನೋಡಿ ಕಣ್ಣಲ್ಲೇ ಬೇಡ ಅಂದರು. ಸುಮ್ಮನಿರಬಹುದಿತ್ತು. ಒಂದು ಸಲ ಸುಳ್ಳು ಹೇಳಿ ಆಗಿತ್ತು, ಹೊಸ್ತಿಲಲ್ಲಿ ನಿಂತುಕೊಂಡು.

"ಹುಣಸೆಹಣ್ಣು ಸ್ವಾಮಿ. ಉಜ್ಜಿದ್ದು ನಾನೇ" ಅಂದೆ. "ನಮ್ಮ ಯಜಮಾನ್ರು ಅಲ್ಲ. ಅವ್ರಿಗೆ ಹೇಳ್ದಂಗೆ ನಾನೇ ಉಜ್ಜಿದ್ದು."

"ನೋಡಿ ಸಾರ್" ಅಂದ ಗೌರೀಶ್.

"ಪೂರ್ತಿ ಕೇಳಪ್ಪ. ನಾಲ್ಕೂ ಬಾಗ್ಲಿಗೂ ಉಜ್ಜಿವ್ನಿ. ಒಂದೇ ಹುಣಸೆಹಣ್ಣು, ಒಂದೇ ಕೈ. ಕುಂಕುಮಾನೂ ಅಂಗೇ ಇಟ್ಟಿದ್ದು. ಮಿಕ್ಕಿದ ಮೂರು ಬಾಗ್ಲು ನೋಡಿ. ಅಲ್ಲೇನಾದ್ರೂ ಆಗಿದ್ರೆ ನಾನು ಈಗ್ಲೇ ಮನೆಗೆ ಹೋಗ್ತೀನಿ."

ಅನಿಲ್ ಕುಮಾರ್ ಒಂದೊಂದೇ ಬಾಗಿಲಿನ ಮುಂದೆ ಕೂತು ನೋಡಿದರು. ಎದ್ದು ತಮ್ಮ ಬ್ಯಾಗಿನಿಂದ ಮೊಬೈಲಿನಷ್ಟು ಒಂದು ಯಂತ್ರ ತೆಗೆದರು. ಬಣ್ಣ ಎಷ್ಟು ದಪ್ಪ ಇದೆ ಅಂತ ಅದು ಹೇಳುತ್ತದಂತೆ, ಮೇಲೆ ಇನ್ನೊಂದು ಸಲ ಹೊಡೆದಿದ್ದರೆ ಲೆಕ್ಕ ಜಾಸ್ತಿ ಬರುತ್ತದಂತೆ. ಮುಂದಿನ ಬಾಗಿಲಿಗೆ ಒತ್ತಿದರು. ನೂರ ಹತ್ತು ಅಂತ ಬಂತು. ಬಲಗಡೆಯ ಎರಡಕ್ಕೂ ಒತ್ತಿದರು. ನೂರ ಎಂಟು, ನೂರ ಹದಿನಾಲ್ಕು. ಎಡಗಡೆ ಹಿಂದಿನ ಬಾಗಿಲಿಗೆ ಒತ್ತಿದರು. ಇನ್ನೂರ ಅರವತ್ತು. ಇನ್ನೊಂದು ಜಾಗದಲ್ಲಿ ಒತ್ತಿದರು. ಇನ್ನೂರ ಎಪ್ಪತ್ತೆರಡು.

ಜಹೀರಣ್ಣ ಹಿಂದೆ ತಿರುಗಿ ನಿಂತು ಕರ್ಚೀಪಿನಲ್ಲಿ ಮುಖ ಒರೆಸಿಕೊಂಡರು.

ಅನಿಲ್ ಕುಮಾರ್ ಗೌರೀಶನ ಕಡೆ ತಿರುಗಿ, "ಇದಕ್ಕೆ ಯಾವಾಗ ಬಣ್ಣ ಹೊಡೆಸಿದ್ರಿ?" ಅಂದರು. ಹೊಡೆಸಿದಿರಾ ಅಂತ ಕೇಳಲಿಲ್ಲ. ಗೌರೀಶ್ ಒಳಗೆ ಹೋಗಿ ಯಾರಿಗೋ ಫೋನು ಮಾಡಿ ಬಂದ. ಟ್ರಕ್ಕಿನಿಂದ ಇಳಿಸುವಾಗ ಕಂಬಿ ತಾಗಿ ಗೀರು ಬಿದ್ದಿತ್ತಂತೆ. ಹಬ್ಬಕ್ಕೆ ಕೊಡಬೇಕು ಅಂತ ಎರಡು ದಿನ ಮುಂಚೆ ಅಲ್ಲೇ ಬಣ್ಣ ಹೊಡೆಸಿದ್ದರಂತೆ. ತನಗೆ ಗೊತ್ತಿರಲಿಲ್ಲ ಅಂದ. ಗೊತ್ತಿತ್ತೋ ಇಲ್ಲವೋ ನನಗೆ ತಿಳಿಯದು.

ಅನಿಲ್ ಕುಮಾರ್ ಇಂಗ್ಲಿಷಿನಲ್ಲಿ ಒಂದು ರಿಪೋರ್ಟು ಬರೆದರು. "ಅಮ್ಮ, ನಿಮಗೆ ಎರಡು ದಾರಿ ಇದೆ. ಬೇರೆ ಹೊಸ ಗಾಡಿ ಕೊಡಿಸ್ತೀವಿ. ಇಲ್ಲದಿದ್ರೆ ಈ ಬಾಗಿಲಿಗೆ ಸರಿಯಾಗಿ ಬಣ್ಣ ಹೊಡೆಸಿಕೊಡ್ತೀವಿ. ಯಾವುದು ಬೇಕು ಹೇಳಿ."

"ಅದು ಆಮ್ಯಾಕೆ ಹೇಳ್ತೀನಿ. ಮೊದ್ಲು ಕನ್ನಡದಲ್ಲಿ ಬರ್ದು ಕೊಡಿ."

"ಏನಂತ?"

"ನಮ್ಮ ಯಜಮಾನ್ರ ಹೆಸ್ರು ಹಾಕಿ. ಅವ್ರು ಹೇಳಿದ್ದು ಸರಿ ಅಂತ ಬರೀರಿ. ಈ ಸಾರ್ ಅವ್ರ ಕಣ್ಣು ಮಂಜಾಗೈತೆ ಅಂದಿದ್ರು. ಇವ್ರೂ ಅದಕ್ಕೆ ಸೈನು ಹಾಕ್ಲಿ."

ಅನಿಲ್ ಕುಮಾರ್ ಬೇರೆ ಹಾಳೆ ತಗೊಂಡು ನಾಲ್ಕು ಸಾಲು ಬರೆದರು. ಗೌರೀಶ್ ಸೈನು ಹಾಕಿದ. ಹಾಳೆ ನನಗೆ ಕೊಡುವಾಗ, "ತಪ್ಪಾಯ್ತು ಆಂಟಿ" ಅಂದ. ನಾನು ಅಲ್ಲೇ ನಿಂತು ಒಂದೊಂದೇ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದೆ. ಶಿರಾದ ಸಣ್ಣರಂಗಯ್ಯನವರು ಹೇಳಿದ್ದು ಸರಿಯಾಗಿದೆ. ಎಡಗಡೆ ಹಿಂದಿನ ಬಾಗಿಲಿಗೆ ಮಾರುವ ಮುಂಚೆಯೇ ಮತ್ತೆ ಬಣ್ಣ ಹೊಡೆಯಲಾಗಿದೆ. ಅದನ್ನು ಅವರು ಬರಿಗಣ್ಣಿನಿಂದ ಗುರುತಿಸಿದ್ದಾರೆ. ಮೂರು ಸಾಲು ಓದಿದೆ. ನಾಲ್ಕನೆಯ ಸಾಲು ಓದಲು ಆಗಲಿಲ್ಲ. ಜಹೀರಣ್ಣ ಓದಿದರು. ಅದು ಬರೀ ತಾರೀಖು, ಇವರಿಬ್ಬರ ಹೆಸರು.

ವಾಪಸ್ ಬರುವಾಗ ಕಳ್ಳಂಬೆಳ್ಳದ ಹತ್ತಿರ ಟೀ ಕುಡಿಯಲು ನಿಲ್ಲಿಸಿದೆವು.

"ಬ್ಯಾರೆ ಗಾಡಿ ತಗೊಂಬುಡಿ ಭಾಬಿ" ಅಂದರು ಜಹೀರಣ್ಣ. "ಏಟು ತಿನ್ನದ ಗಾಡಿ ಬೇಕು ಅಂತಿದ್ದ. ಅವನ ಆಸೆ ಅದೇ ಅಲ್ವಾ?"

ಅದು ನಿಜ. ಆಸೆ ಅದೇ. ನಾನು ಯೋಚನೆ ಮಾಡಿದೆ.

"ಈ ಬಾಗ್ಲಿಗೇ ಬಣ್ಣ ಹೊಡ್ಸಿದ್ರೆ?" ಅಂದೆ.

"ಯಾರ ಹತ್ರ?" ಅಂದರು. ಅಂದವರು ಟೀ ಲೋಟದೊಳಗೆ ನೋಡುತ್ತಾ ಕೂತರು.

ಎರಡು ದಿನ ಬಿಟ್ಟು ಮಗಳಿಗೆ ಹೇಳಿ ಕಂಪನಿಗೆ ಬರೆಸಿದೆ. ಬೇರೆ ಗಾಡಿ ಬೇಡ, ಬಾಗಿಲು ಮುಟ್ಟುವುದೂ ಬೇಡ ಅಂತ. ಮಗಳು 'ಯಾಕಮ್ಮ' ಅಂದಳು. ಈ ಬಾಗಿಲನ್ನು ನಿಮ್ಮಪ್ಪ ಹದಿನೈದು ದಿನ ಕೂತು ನೋಡಿದ್ದಾರೆ, ಹೊಸ ಗಾಡಿಯನ್ನು ಅವರು ನೋಡಿಲ್ಲ ಅಂದೆ. ಅವಳು ಮತ್ತೆ ಕೇಳಲಿಲ್ಲ. ಡ್ರೈವಿಂಗ್ ಕಲಿತು ಈಗ ಅದರಲ್ಲೇ ಮಧುಗಿರಿಗೆ ಹೋಗಿ ಬರುತ್ತಾಳೆ. ಭಾವ ಬಂದಾಗ ಆ ಹಾಳೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಅವ್ನ ಕಣ್ಣು ಚಿಕ್ಕಂದಿನಿಂದ್ಲೂ ಚೂಪು" ಅಂದರು. ಕಾರು ಮಾರುವ ಮಾತು ಮತ್ತೆ ಎತ್ತಲಿಲ್ಲ.

ನಾನು ಅವರಿಗೆ ಹೇಳಿದ ಸುಳ್ಳು ಮಾತ್ರ ಹಾಗೇ ಇದೆ. ಅದಕ್ಕೆ ಯಾರೂ ಬರೆದು ಕೊಡಲು ಆಗುವುದಿಲ್ಲ.

ದಿನಾ ಬೆಳಿಗ್ಗೆ, ಮಗಳು ಏಳುವ ಮುಂಚೆ, ಒಂದು ಬಕೆಟ್ ನೀರು, ಅವರ ಹಳೆಯ ಪಂಚೆಯ ತುಂಡು ತಗೊಂಡು ಕಾರಿನ ಹತ್ತಿರ ಹೋಗುತ್ತೇನೆ. ಮೊದಲು ನೀರು ಬಿಟ್ಟು ಧೂಳು ಇಳಿಸುತ್ತೇನೆ. ಒಣಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ ಅಂತ ಅವರು ಹೇಳುತ್ತಿದ್ದರು. ಮೇಲಿನಿಂದ ಕೆಳಕ್ಕೆ ಒರೆಸುತ್ತೇನೆ. ಎಡಗಡೆ ಹಿಂದಿನ ಬಾಗಿಲು ಕೊನೆಗೆ. ನನ್ನ ಮೂರು ಬೆರಳಿನ ಗುರುತು ಇನ್ನೂ ಇದೆ, ಬಿಸಿಲಿಗೆ ಸ್ವಲ್ಪ ತಿಳಿಯಾಗಿದೆ. ಅಲ್ಲಿ ಒತ್ತುವುದಿಲ್ಲ, ಸುತ್ತ ಒರೆಸುತ್ತೇನೆ. ಬಿಸಿಲು ಅಡ್ಡ ಬೀಳುವ ತನಕ ಅಲ್ಲೇ ಕುಕ್ಕರಗಾಲಲ್ಲಿ ಕೂತಿರುತ್ತೇನೆ. ಬಿದ್ದಮೇಲೆ ಮುಂದಿನ ಬಾಗಿಲು ನೋಡುತ್ತೇನೆ, ಹಿಂದಿನ ಬಾಗಿಲು ನೋಡುತ್ತೇನೆ.

"ಬ್ಯಾರೆ ಥರ ಐತೆ" ಅನ್ನುತ್ತೇನೆ.

ಆಮೇಲೆ ಒಳಗೆ ಹೋಗಿ ಎಸರು ಇಡುತ್ತೇನೆ.